ಮುಪ್ಪಿನ ಮೂತ್ರಬಾಧೆ

ದೇಹಧರ್ಮಗಳಲ್ಲಿ ಮೂತ್ರವಿಸರ್ಜನೆಯಷ್ಟು ನಿತ್ಯವಾದುದೂ ಅದರಷ್ಟು ಮುಚ್ಚುಮರೆಗೆ ಒಳಗಾದುದೂ ಮತ್ತೊಂದಿಲ್ಲ. ಅದನ್ನು ಹೆಸರಿಸಬೇಕಾದಾಗಲೂ ನಮ್ಮ ಹಿರಿಯರು ‘ಜಲಬಾಧೆ’ ಎಂದು ಮರೆಮಾಡಿ ನುಡಿಯುವುದುಂಟು. ಎಳೆಯರ ಪಾಲಿಗೆ ಆ ಪದದಲ್ಲಿರುವ ‘ಬಾಧೆ’ ಕೇವಲ ಶಿಷ್ಟಾಚಾರದ ಮಾತು. ಅರವತ್ತು ದಾಟಿದ ಅನೇಕರ ಪಾಲಿಗೆ ಅದು ಅಕ್ಷರಶಃ ಸತ್ಯ. ರಾತ್ರಿ ಮೂರು ನಾಲ್ಕು ಬಾರಿ ನಿದ್ದೆಗೆಟ್ಟು ಏಳುವುದು, ಎದ್ದು ಹೋದ ಮೇಲೂ ಮೂತ್ರ ಹೊರಡಲು ಬಹಳ ಹೊತ್ತು ಕಾಯಬೇಕಾಗುವುದು, ಹೊರಟ ಧಾರೆ ತೆಳುವಾಗಿ ನಡುನಡುವೆ ನಿಂತುಹೋಗುವುದು, ಮುಗಿಯಿತೆಂದು ಬಂದ ಮೇಲೆ ಬಟ್ಟೆ ತೊಯ್ಯುವುದು—ಇವೆಲ್ಲವನ್ನೂ ಮನೆಯ ಅಜ್ಜಂದಿರು ಯಾರೊಡನೆಯೂ ಹೇಳಿಕೊಳ್ಳದೆ ವರ್ಷಗಟ್ಟಲೆ ಅನುಭವಿಸುತ್ತಾರೆ. ಹೇಳಿಕೊಂಡರೂ ‘ವಯಸ್ಸಾಯಿತಲ್ಲ, ಇದೆಲ್ಲ ಸಹಜ’ ಎಂಬ ಸಮಾಧಾನವೇ ಸಿಗುತ್ತದೆ. ಈ ಸಮಾಧಾನ ಎಷ್ಟು ಅಪಾಯಕರವಾಗಬಲ್ಲದೆಂಬುದನ್ನು ತಿಳಿಯಬೇಕಾದರೆ ಮೂತ್ರಾಶಯವು ಕೆಲಸಮಾಡುವ ಬಗೆಯನ್ನು ಕೊಂಚ ಪರಿಶೀಲಿಸಬೇಕು.

ನಮ್ಮ ಎರಡು ಮೂತ್ರಪಿಂಡಗಳು ಹಗಲಿರುಳೂ ರಕ್ತವನ್ನು ಸೋಸಿ ದಿನಕ್ಕೆ ಸುಮಾರು ಒಂದೂವರೆ ಲೀಟರಿನಷ್ಟು ಮೂತ್ರವನ್ನು ತಯಾರಿಸುತ್ತವೆ. ಅದು ಎರಡು ಸಣ್ಣ ನಾಳಗಳ ಮೂಲಕ ಹನಿಹನಿಯಾಗಿ ಇಳಿದು ಕಿಬ್ಬೊಟ್ಟೆಯಲ್ಲಿರುವ ಮೂತ್ರಾಶಯವನ್ನು ಸೇರುತ್ತದೆ. ಮೂತ್ರಾಶಯವೆಂದರೆ ಬರಿಯ ಚೀಲವಲ್ಲ. ಅದರ ಗೋಡೆಯೇ ಸ್ನಾಯು. ಮೂತ್ರ ಸೇರುತ್ತಾ ಹೋದಂತೆ ಈ ಸ್ನಾಯು ಸಡಿಲಗೊಂಡು ಎಡೆಮಾಡಿಕೊಡುತ್ತದೆ. 150ರಿಂದ 200 ಮಿಲಿಲೀಟರ್ ತುಂಬಿದಾಗ ಮೊದಲ ಸೂಚನೆ ಮಿದುಳಿಗೆ ತಲಪುತ್ತದೆ. 400–500 ಮಿಲಿಲೀಟರ್ ಆಗುವ ಹೊತ್ತಿಗೆ ತಡೆಯುವುದು ಕಷ್ಟವಾಗುತ್ತದೆ. ಆಗ ಮಿದುಳು ಅನುಮತಿ ನೀಡಿದೊಡನೆ ಕೊರಳಿನ ಬಿಗಿತ ಸಡಿಲುತ್ತದೆ, ಗೋಡೆಯ ಸ್ನಾಯು ಸಂಕುಚಿಸುತ್ತದೆ, ಮೂತ್ರಮಾರ್ಗದಿಂದ ಧಾರೆ ಹೊರಡುತ್ತದೆ. ಹಿಡಿದಿಡುವುದು, ಬಿಡುವುದು—ಈ ಎರಡು ವಿರುದ್ಧ ಕಾರ್ಯಗಳು ಒಂದನ್ನೊಂದು ಅರಿತು ನಡೆಯಬೇಕು.

ಕೆರೆಯ ಉಪಮಾನ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಕೆರೆಗೆ ಒಂದು ತೂಬು ಇರುತ್ತದೆ, ಒಂದು ಕೋಡಿ ಇರುತ್ತದೆ. ತೂಬಿನ ಮೂಲಕ ನೀರು ಬೇಕಾದಾಗ ಬೇಕಾದಷ್ಟು ಹೊರಬರುತ್ತದೆ. ತೂಬು ಕಟ್ಟಿಕೊಂಡರೆ ಕೆರೆ ತುಂಬಿ ಕೋಡಿ ಹರಿಯುತ್ತದೆ. ದೂರದಿಂದ ನೋಡುವವನಿಗೆ ನೀರು ಹರಿಯುತ್ತಿರುವುದಷ್ಟೇ ಕಾಣುತ್ತದೆ. ತೂಬು ಕಟ್ಟಿರುವುದು ಕಾಣುವುದಿಲ್ಲ. ಮುಪ್ಪಿನಲ್ಲಿ ಕೆಲವರಿಗೆ ಸದಾ ತೊಟ್ಟಿಕ್ಕುವ ಮೂತ್ರವು ಇಂಥ ಕೋಡಿಯೇ. ಮನೆಯವರು ‘ಹಿಡಿತ ತಪ್ಪಿದೆ’ ಎಂದು ಭಾವಿಸುತ್ತಾರೆ. ನಿಜವಾಗಿ ನಡೆದಿರುವುದು ಅದಕ್ಕೆ ತದ್ವಿರುದ್ಧ. ಒಳಗೆ ಒಂದು ಲೀಟರಿಗೂ ಮಿಕ್ಕಿ ಮೂತ್ರ ನಿಂತಿರಬಹುದು.

ಗಂಡಸರಲ್ಲಿ ತೂಬು ಕಟ್ಟುವುದಕ್ಕೆ ಅತಿ ಸಾಮಾನ್ಯ ಕಾರಣ ಪ್ರಾಸ್ಟೇಟ್ ಗ್ರಂಥಿ. ಮೂತ್ರಾಶಯದ ಕೊರಳಿಗೆ ತಾಗಿ, ಮೂತ್ರಮಾರ್ಗದ ಮೊದಲ ಭಾಗವನ್ನು ಸುತ್ತುವರಿದು ಇದು ಇದೆ. ವೀರ್ಯದಲ್ಲಿ ಸೇರುವ ದ್ರವದ ಒಂದು ಅಂಶವನ್ನು ಇದು ಸ್ರವಿಸುತ್ತದೆ. ಯೌವನದಲ್ಲಿ ಇದರ ತೂಕ ಸುಮಾರು 20 ಗ್ರಾಂ, ಗಾತ್ರ ಸಿಪ್ಪೆ ಸುಲಿಯದ ಸಣ್ಣ ಅಡಿಕೆಕಾಯಿಯಷ್ಟು. ದೇಹದ ಉಳಿದ ಅಂಗಗಳು ವಯಸ್ಸಿನೊಂದಿಗೆ ಸೊರಗುತ್ತಿದ್ದರೆ ಇದೊಂದು ಮಾತ್ರ ನಲವತ್ತರ ಅನಂತರ ಮತ್ತೆ ಬೆಳೆಯಲು ತೊಡಗುವುದು ವಿಚಿತ್ರ. ಐವತ್ತರಿಂದ ಅರವತ್ತರ ನಡುವಿನ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿಯೂ ಎಂಬತ್ತು ದಾಟಿದವರಲ್ಲಿ ಬಹುಪಾಲು ಮಂದಿಯಲ್ಲಿಯೂ ಸೂಕ್ಷ್ಮದರ್ಶಕದಡಿ ಈ ಬೆಳವಣಿಗೆಯ ಗುರುತು ಕಾಣುತ್ತದೆ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರಾಗಿ ಮಾರ್ಪಡುವುದೂ ಇಲ್ಲ.

ಪ್ರಾಣಿಗಳಲ್ಲಿ ಮನುಷ್ಯನಂತೆಯೇ ಮುಪ್ಪಿನಲ್ಲಿ ಈ ಗ್ರಂಥಿ ಹಿಗ್ಗುವುದು ಮುಖ್ಯವಾಗಿ ನಾಯಿಯಲ್ಲಿ. ಆದರೆ ನಾಯಿಯಲ್ಲಿ ಅದು ಹೊರಮುಖವಾಗಿ ಬೆಳೆಯುವುದರಿಂದ ಗುದನಾಳವನ್ನು ಒತ್ತಿ ಮಲವಿಸರ್ಜನೆಗೆ ತೊಡಕು ಮಾಡುತ್ತದೆಯೇ ಹೊರತು ಮೂತ್ರಕ್ಕೆ ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ಮನುಷ್ಯನಲ್ಲಿ ಬೆಳವಣಿಗೆ ನಡೆಯುವುದು ಮೂತ್ರಮಾರ್ಗಕ್ಕೆ ಹತ್ತಿರವಿರುವ ಒಳಭಾಗದಲ್ಲಿ. ಹೊರಗೆ ಗಟ್ಟಿಯಾದ ಪೊರೆ. ಒತ್ತಡವೆಲ್ಲ ಒಳಗಿನ ದಾರಿಯ ಮೇಲೆ ಬೀಳುತ್ತದೆ. ಆದ್ದರಿಂದಲೇ ಗ್ರಂಥಿಯ ಗಾತ್ರಕ್ಕೂ ರೋಗಿಯ ಕಷ್ಟಕ್ಕೂ ನೇರ ಲೆಕ್ಕ ಹೊಂದುವುದಿಲ್ಲ. ನೂರು ಗ್ರಾಂ ತೂಗುವ ಗ್ರಂಥಿಯನ್ನಿಟ್ಟುಕೊಂಡು ನಿಶ್ಚಿಂತೆಯಿಂದಿರುವವರೂ ಉಂಟು. ಮೂವತ್ತು ಗ್ರಾಮಿನದು ಕೊರಳಿಗೇ ಅಡ್ಡಬೆಳೆದು ಮೂತ್ರ ಕಟ್ಟಿದವರೂ ಉಂಟು. ಪರೀಕ್ಷೆಯ ವರದಿಯಲ್ಲಿ ಬರೆದ ಗ್ರಾಮುಗಳನ್ನು ಕಂಡು ಹೆದರುವವರು ಇದನ್ನು ನೆನಪಿಡುವುದು ಒಳ್ಳೆಯದು.

ದಾರಿ ಸ್ವಲ್ಪ ಕಿರಿದಾದರೆ ಇಷ್ಟೊಂದು ತೊಂದರೆಯೇಕೆ? ಇದಕ್ಕೆ ಭೌತಶಾಸ್ತ್ರ ಉತ್ತರ ಕೊಡುತ್ತದೆ. ಫ್ರಾನ್ಸಿನ ಪ್ವಾಸೆಯ್ಯ ಎಂಬ ವೈದ್ಯನು ರಕ್ತದ ಹರಿವನ್ನು ಅರಿಯುವ ಸಲುವಾಗಿ 1840ರ ಸುಮಾರಿಗೆ ಸಣ್ಣ ಗಾಜಿನ ಕೊಳವೆಗಳಲ್ಲಿ ದ್ರವ ಹರಿಸಿ ನೋಡಿ ಒಂದು ನಿಯಮವನ್ನು ಕಂಡುಕೊಂಡನು: ಒತ್ತಡ ಒಂದೇ ಆಗಿದ್ದರೆ, ಹರಿವು ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ಎಂದರೆ ತ್ರಿಜ್ಯ ಅರ್ಧಕ್ಕಿಳಿದರೆ ಹರಿವು ಅರ್ಧಕ್ಕಲ್ಲ, ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ಮೂತ್ರಮಾರ್ಗ ಗಾಜಿನ ಕೊಳವೆಯಂತೆ ಬಿರುಸಾದುದಲ್ಲವಾದ್ದರಿಂದ ಈ ಲೆಕ್ಕ ಅಲ್ಲಿ ಚಾಚೂತಪ್ಪದೆ ಸಲ್ಲದು. ಆದರೂ ಕೊಂಚ ಒತ್ತರಿಸಿದರೆ ಧಾರೆ ಬಹಳ ಕುಗ್ಗುತ್ತದೆ ಎಂಬ ತತ್ತ್ವ ನಿಲ್ಲುತ್ತದೆ. ಅದನ್ನು ಸರಿದೂಗಿಸಲು ಮೂತ್ರಾಶಯ ಹೆಚ್ಚು ಒತ್ತಡವನ್ನು ಉಂಟುಮಾಡಲೇಬೇಕು.

ಅದು ಉಂಟುಮಾಡುತ್ತದೆ ಕೂಡ. ಗರಡಿಯಲ್ಲಿ ಸಾಮು ಮಾಡಿದವನ ತೋಳಿನಂತೆ ಅದರ ಗೋಡೆ ದಪ್ಪವಾಗುತ್ತದೆ. ವರ್ಷಗಳ ಕಾಲ ಈ ದುಡಿಮೆ ಅಡಚಣೆಯನ್ನು ಮರೆಮಾಡುತ್ತದೆ. ವ್ಯಕ್ತಿಗೆ ತನ್ನ ಧಾರೆ ಕ್ಷೀಣಿಸಿರುವುದೇ ತಿಳಿಯದು. ಆದರೆ ದಪ್ಪನಾದ ಸ್ನಾಯು ಹಿಂದಿನಂತೆ ನೆಮ್ಮದಿಯಿಂದ ಹಿಗ್ಗಲಾರದು, ಸ್ವಲ್ಪ ತುಂಬಿದೊಡನೆ ಕೆರಳಿ ಸಂಕುಚಿಸುತ್ತದೆ. ಪದೇ ಪದೇ ಹೋಗಬೇಕೆನಿಸುವುದು, ಬಂದರೆ ತಡೆಯಲಾಗದಿರುವುದು, ರಾತ್ರಿ ಏಳುವುದು—ಇವು ಹೀಗೆ ಹುಟ್ಟುತ್ತವೆ. ತೊಡಕು ಇರುವುದು ಹೊರದಾರಿಯಲ್ಲಿ, ದೂರು ಬರುವುದು ಕೋಶದಿಂದ.

ದುಡಿಮೆಗೂ ಒಂದು ಮಿತಿ ಇದೆ. ಸ್ನಾಯುವಿನ ಎಳೆಗಳ ನಡುವೆ ನಾರು ಸೇರಿ ಅದು ಸೋಲತೊಡಗಿದಾಗ ಪ್ರತಿಸಲವೂ ಸ್ವಲ್ಪ ಮೂತ್ರ ಹಿಂದೆಯೇ ಉಳಿಯುತ್ತದೆ. ಉಳಿಕೆ ಹೆಚ್ಚಿದಂತೆ ಕೋಶ ಹಿಗ್ಗುತ್ತದೆ. ಹಿಗ್ಗಿದ ಕೋಶಕ್ಕೆ ಇನ್ನೊಂದು ಭೌತನಿಯಮ ಪ್ರತಿಕೂಲವಾಗುತ್ತದೆ. ಗೋಳಾಕಾರದ ಚೀಲದಲ್ಲಿ ಗೋಡೆಯ ಬಿಗಿತ ಎಷ್ಟೇ ಇರಲಿ, ಒಳಗಿನ ಒತ್ತಡ ತ್ರಿಜ್ಯಕ್ಕೆ ವಿಲೋಮವಾಗಿರುತ್ತದೆಂದು ಲಾಪ್ಲಾಸನ ನಿಯಮ ಹೇಳುತ್ತದೆ. ತ್ರಿಜ್ಯ ಇಮ್ಮಡಿಯಾದರೆ ಅದೇ ಬಿಗಿತದಿಂದ ಹುಟ್ಟುವ ಒತ್ತಡ ಅರ್ಧ ಮಾತ್ರ. ಹೆಚ್ಚು ಒತ್ತಡ ಬೇಕಾದ ಕಾಲದಲ್ಲಿಯೇ ಅದನ್ನು ಹುಟ್ಟಿಸುವ ಶಕ್ತಿ ಕುಂದುತ್ತದೆ. ಇಂಥ ಕೋಶ ನಿಧಾನವಾಗಿ, ನೋವಿಲ್ಲದೆ, ಸಂವೇದನೆಯನ್ನೂ ಕಳೆದುಕೊಂಡು ಹೊಕ್ಕುಳವರೆಗೆ ಏರಬಹುದು. ನಿಂತ ಮೂತ್ರದಲ್ಲಿ ಸೋಂಕು ತಗಲುತ್ತದೆ, ಕಲ್ಲು ಕಟ್ಟುತ್ತದೆ. ಹಿಂದೊತ್ತಡ ನಾಳಗಳನ್ನು ಹಿಗ್ಗಿಸಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಕೊನೆಗೆ ಬಾತ ಕಾಲು, ಓಕರಿಕೆ, ಆಯಾಸಗಳಿಂದ ವೈದ್ಯರಲ್ಲಿಗೆ ಬಂದವನಿಗೆ ತನ್ನ ರೋಗದ ಮೂಲ ಮೂತ್ರದ ದಾರಿಯಲ್ಲಿದೆಯೆಂದು ಕೇಳಿ ಆಶ್ಚರ್ಯವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ರಾತ್ರಿ ನಾಲ್ಕು ಸಲ ಎದ್ದು ಗೊಣಗುವ ಮುದುಕನಿಗಿಂತ, ಏನನ್ನೂ ಹೇಳದೆ ಸದಾ ಒದ್ದೆ ಪಂಚೆಯಲ್ಲಿರುವ ಮುದುಕನ ವಿಷಯದಲ್ಲಿ ನಾವು ಹೆಚ್ಚು ಚಿಂತಿಸಬೇಕು.

ಒಮ್ಮೆಗೇ ಮೂತ್ರ ಕಟ್ಟುವುದು ಬೇರೆಯ ಬಗೆ. ಇಲ್ಲಿ ನೋವು ಅಸಹನೀಯ. ಅದುವರೆಗೆ ಹೇಗೋ ನಡೆಯುತ್ತಿದ್ದ ದಾರಿಗೆ ಒಂದು ಸಣ್ಣ ಕಾರಣ ಸೇರಿದರೆ ಸಾಕು: ದೂರದ ಬಸ್ಸಿನ ಪ್ರಯಾಣದಲ್ಲಿ ಬಹಳ ಹೊತ್ತು ತಡೆದುಕೊಂಡದ್ದು, ಮಲಬದ್ಧತೆ, ಮದ್ಯಪಾನ, ಬೇರಾವುದೋ ಶಸ್ತ್ರಚಿಕಿತ್ಸೆ. ಇವಕ್ಕಿಂತ ಹೆಚ್ಚಾಗಿ ಗಮನಿಸಬೇಕಾದುದು ನೆಗಡಿಯ ಮಾತ್ರೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳುವ ಅನೇಕ ನೆಗಡಿಮಾತ್ರೆಗಳಲ್ಲಿ ಮೂಗು ಕಟ್ಟಿದುದನ್ನು ಬಿಡಿಸುವ ಫಿನೈಲೆಫ್ರಿನ್‌ನಂಥ ಔಷಧವೂ ಸೀನು ತಡೆಯುವ ಕ್ಲೋರ್‌ಫೆನಿರಮಿನ್ ಎಂಬುದೂ ಇರುತ್ತವೆ. ಮೊದಲನೆಯದು ಮೂತ್ರಾಶಯದ ಕೊರಳಿನ ಸ್ನಾಯುವನ್ನು ಬಿಗಿಗೊಳಿಸುತ್ತದೆ. ಎರಡನೆಯದು ಗೋಡೆಯ ಸ್ನಾಯುವನ್ನು ದುರ್ಬಲಗೊಳಿಸುತ್ತದೆ. ಮೂಗು ತೆರೆಯಿತು, ಮೂತ್ರ ಕಟ್ಟಿತು! ಹೀಗಾದಾಗ ‘ನೀರು ಕುಡಿದರೆ ತಾನೇ ತಳ್ಳಿಕೊಂಡು ಬರುತ್ತದೆ’ ಎಂದು ಚೊಂಬುಗಟ್ಟಲೆ ಕುಡಿಸುವುದು ತೀರ ತಪ್ಪು. ತಡಮಾಡದೆ ಆಸ್ಪತ್ರೆಗೆ ಒಯ್ದು ನಳಿಕೆಯಿಂದ ಮೂತ್ರ ತೆಗೆಸಬೇಕು.

ನಳಿಕೆಯ ಉಪಾಯ ಬಹಳ ಹಳೆಯದು. ಸುಶ್ರುತಸಂಹಿತೆಯಲ್ಲಿ ಮೂತ್ರಾಘಾತದ ಹನ್ನೆರಡು ಬಗೆಗಳನ್ನು ಎಣಿಸಿದೆ. ಅವುಗಳಲ್ಲಿ ವಾತಾಷ್ಠೀಲಾ ಎಂಬುದು ಮಲಮಾರ್ಗಕ್ಕೂ ಮೂತ್ರಾಶಯಕ್ಕೂ ನಡುವೆ ಉಂಟಾಗುವ ಕಲ್ಲಿನಂತೆ ಗಟ್ಟಿಯಾದ ಗಂಟು. ಸ್ಥಾನವನ್ನು ನೋಡಿ ಇದನ್ನು ಪ್ರಾಸ್ಟೇಟಿನ ಬಾವೆಂದು ಗುರುತಿಸುವವರಿದ್ದಾರೆ; ಸ್ಥಾನವೇನೋ ಹೊಂದುತ್ತದೆ, ಆದರೆ ಗ್ರಂಥಿಯ ಸ್ವರೂಪವೆಲ್ಲ ಆಗಲೇ ತಿಳಿದಿತ್ತೆಂದು ಹೇಳುವುದು ಅತಿಶಯವಾದೀತು. ಪಶ್ಚಿಮದಲ್ಲಿ 1752ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮೂತ್ರದ ಕಷ್ಟದಿಂದ ನರಳುತ್ತಿದ್ದ ತನ್ನ ಅಣ್ಣ ಜಾನ್‌ಗಾಗಿ ಬಾಗುವ ಬೆಳ್ಳಿಯ ನಳಿಕೆಯೊಂದನ್ನು ಮಾಡಿಸಿದನು. ಇಂದು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ, ತುದಿಯಲ್ಲಿ ಸಣ್ಣ ಬಲೂನಿರುವ ನಳಿಕೆ 1930ರ ದಶಕದ್ದು; ಅಮೆರಿಕದ ಫ್ರೆಡರಿಕ್ ಫೋಲಿಯ ಹೆಸರನ್ನು ಅದು ಹೊತ್ತಿದೆ.

ಅಡ್ಡಿಯನ್ನೇ ತೆಗೆದುಹಾಕುವ ಶಸ್ತ್ರಕ್ರಿಯೆಯನ್ನು ಪ್ರಸಿದ್ಧಿಗೆ ತಂದವನು ಪೀಟರ್ ಫ್ರೇಯರ್. ಐರ್ಲೆಂಡಿನವನಾದ ಈತ ಭಾರತದ ವೈದ್ಯಕೀಯ ಸೇವೆಯಲ್ಲಿ ಸುಮಾರು ಇಪ್ಪತ್ತು ವರ್ಷಗಳಿದ್ದು, ಮೂತ್ರಾಶಯದ ಕಲ್ಲುಗಳನ್ನು ತೆಗೆಯುವುದರಲ್ಲಿ ಪಳಗಿ, ಲಂಡನ್ನಿಗೆ ಹಿಂದಿರುಗಿದ ಮೇಲೆ 1900ರ ಡಿಸೆಂಬರಿನಲ್ಲಿ ಕಿಬ್ಬೊಟ್ಟೆಯ ಮೂಲಕ ಮೂತ್ರಾಶಯವನ್ನು ತೆರೆದು, ಬೆಳೆದ ಭಾಗವನ್ನು ಕಿತ್ತಳೆಯ ತೊಳೆಯನ್ನು ಸಿಪ್ಪೆಯಿಂದ ಬಿಡಿಸುವಂತೆ ಬೆರಳಿನಿಂದಲೇ ಬಿಡಿಸಿ ತೆಗೆದನು. ನ್ಯೂಯಾರ್ಕಿನ ಯೂಜೀನ್ ಫುಲ್ಲರ್ ಅದಕ್ಕೂ ಕೆಲವು ವರ್ಷಗಳ ಮೊದಲೇ ಇದನ್ನು ಮಾಡಿದ್ದನಾದ್ದರಿಂದ ಇಬ್ಬರಿಗೂ ದೊಡ್ಡ ವಾಗ್ವಾದವಾಯಿತು. ಮುಂದೆ 1926ರಲ್ಲಿ ಮ್ಯಾಕ್ಸಿಮಿಲಿಯನ್ ಸ್ಟರ್ನ್, ಮೂತ್ರಮಾರ್ಗದ ಮೂಲಕವೇ ಒಳಹೋಗಿ ವಿದ್ಯುತ್ತಿನ ಕುಣಿಕೆಯಿಂದ ಗ್ರಂಥಿಯನ್ನು ಚೂರುಚೂರಾಗಿ ಕೆತ್ತುವ ಉಪಕರಣವನ್ನು ರೂಪಿಸಿದನು. ಹೊಟ್ಟೆಯ ಮೇಲೆ ಗಾಯವಿಲ್ಲದ ಈ ವಿಧಾನ ಇಂದಿಗೂ ನಡೆಯುತ್ತಿದೆ. ದೊಡ್ಡ ಗ್ರಂಥಿಗಳಿಗೆ 1990ರ ದಶಕದಿಂದ ಲೇಸರ್ ಕಿರಣವೂ ಒದಗಿದೆ.

ಔಷಧಗಳ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ಚಿಕ್ಕಂದಿನಲ್ಲಿಯೇ ವೃಷಣಗಳನ್ನು ಕಳೆದುಕೊಂಡವರಲ್ಲಿ ಪ್ರಾಸ್ಟೇಟ್ ಬೆಳೆಯುವುದಿಲ್ಲವೆಂಬುದು ತಿಳಿದಿದ್ದ ಸಂಗತಿ. ಇದನ್ನೇ ಹಿಡಿದು 1890ರ ದಶಕದಲ್ಲಿ ಮುದುಕರ ವೃಷಣಗಳನ್ನು ತೆಗೆದು ನೋಡಿದ ಶಸ್ತ್ರವೈದ್ಯರೂ ಇದ್ದರು. ರೋಗಕ್ಕಿಂತ ಚಿಕಿತ್ಸೆಯೇ ಕ್ರೂರವಾದ್ದರಿಂದ ಅದು ನಿಂತುಹೋಯಿತು. ಬಿಡುಗಡೆಯ ದಾರಿ ಅನಿರೀಕ್ಷಿತವಾದ ಕಡೆಯಿಂದ ಬಂದಿತು. ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದಲ್ಲಿ ಸಲಿನಾಸ್ ಎಂಬ ಹಳ್ಳಿ. ಅಲ್ಲಿ ಕೆಲವು ಮಕ್ಕಳು ಹುಟ್ಟಿದಾಗ ಹೆಣ್ಣಿನಂತೆ ಕಂಡು, ಹೆಣ್ಣಾಗಿಯೇ ಬೆಳೆದು, ಹದಿಹರೆಯದಲ್ಲಿ ಗಂಡಸಿನ ಲಕ್ಷಣಗಳನ್ನು ಪಡೆಯುತ್ತಿದ್ದರು. ಜೂಲಿಯನ್ ಇಂಪೆರಾಟೊ-ಮೆಕ್‌ಗಿನ್ಲಿ ಮತ್ತು ಸಂಗಡಿಗರು ಇವರನ್ನು ಪರೀಕ್ಷಿಸಿ 1974ರಲ್ಲಿ ಕಾರಣವನ್ನು ಪ್ರಕಟಿಸಿದರು: ಟೆಸ್ಟೊಸ್ಟಿರೋನ್ ಎಂಬ ಹಾರ್ಮೋನನ್ನು ಅದಕ್ಕಿಂತ ಪ್ರಬಲವಾದ ಇನ್ನೊಂದು ರೂಪಕ್ಕೆ ತಿರುಗಿಸುವ ಕಿಣ್ವ ಇವರಲ್ಲಿ ಕೊರತೆಯಾಗಿತ್ತು. ಇವರು ದೊಡ್ಡವರಾದಾಗ ಸ್ವರ, ಸ್ನಾಯುಬಲ ಗಂಡಸಿನವೇ. ಪ್ರಾಸ್ಟೇಟ್ ಮಾತ್ರ ತೀರ ಸಣ್ಣದು. ಅಂದಮೇಲೆ ಆ ಗ್ರಂಥಿಯನ್ನು ಬೆಳೆಸುವುದು ಎರಡನೆಯ ರೂಪವೇ ಹೊರತು ಮೊದಲನೆಯದಲ್ಲ. ಕಿಣ್ವವೊಂದನ್ನೇ ತಡೆದರೆ ಸಾಕು! ಈ ಎಳೆಯನ್ನು ಹಿಡಿದು ಸಿದ್ಧವಾದ ಫಿನಾಸ್ಟರೈಡ್ 1992ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಅದು ಗ್ರಂಥಿಯನ್ನು ಸುಮಾರು ಐದನೆಯ ಒಂದು ಪಾಲಿನಷ್ಟು ಕುಗ್ಗಿಸುತ್ತದೆ, ಆದರೆ ಆರು ತಿಂಗಳಾದರೂ ಕಾಯಬೇಕು. 1998ರಲ್ಲಿ ಪ್ರಕಟವಾದ ನಾಲ್ಕು ವರ್ಷಗಳ ಪರೀಕ್ಷೆಯಲ್ಲಿ, ಬರಿಯ ಸಕ್ಕರೆಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ ಏಳು ಮಂದಿಗೆ ಒಮ್ಮೆಗೇ ಮೂತ್ರ ಕಟ್ಟಿದರೆ, ಈ ಔಷಧ ತೆಗೆದುಕೊಂಡವರಲ್ಲಿ ನೂರಕ್ಕೆ ಮೂವರಿಗೆ ಮಾತ್ರ ಹಾಗಾಯಿತು.

ಬೇಗ ಪರಿಣಾಮ ಕೊಡುವ ಔಷಧ ಟ್ಯಾಮ್ಸುಲೋಸಿನ್‌ನ ಗುಂಪಿನದು. ಅದು ಗ್ರಂಥಿಯನ್ನು ಕುಗ್ಗಿಸುವುದಿಲ್ಲ. ಮೂತ್ರಾಶಯದ ಕೊರಳಿನ ಸ್ನಾಯುವನ್ನು ಸಡಿಲಿಸುತ್ತದೆ, ಕೆಲವೇ ದಿನಗಳಲ್ಲಿ ಧಾರೆ ಸುಧಾರಿಸುತ್ತದೆ. ರಕ್ತನಾಳಗಳನ್ನೂ ಕೊಂಚ ಸಡಿಲಿಸುವುದರಿಂದ ಥಟ್ಟನೆ ಎದ್ದರೆ ತಲೆಸುತ್ತು ಬರಬಹುದು. ಇನ್ನೊಂದು ವಿಚಿತ್ರವೂ ಇದೆ: ಇದು ಕಣ್ಣಿನ ಪಾಪೆಯ ಸುತ್ತಣ ಪೊರೆಯನ್ನೂ ಜೋಲಾಗಿಸುತ್ತದೆಂದು 2005ರಲ್ಲಿ ಗೊತ್ತಾಯಿತು. ಆದ್ದರಿಂದ ಕಣ್ಣಿನ ಪೊರೆ ತೆಗೆಸಲು ಹೋಗುವ ಮುದುಕರು ತಾವು ಮೂತ್ರಕ್ಕೆ ಮಾತ್ರೆ ತಿನ್ನುತ್ತಿರುವುದನ್ನು ಕಣ್ಣಿನ ವೈದ್ಯರಿಗೆ ಹೇಳಲೇಬೇಕು. ಮೂತ್ರಕ್ಕೂ ಕಣ್ಣಿಗೂ ಏನು ಸಂಬಂಧವೆಂದು ಬಹುಮಂದಿ ಹೇಳದೆ ಬಿಡುತ್ತಾರೆ.

ಆದರೆ ಎಲ್ಲ ಮೂತ್ರಬಾಧೆಗೂ ಪ್ರಾಸ್ಟೇಟನ್ನೇ ದೂರುವುದು ಸರಿಯಲ್ಲ. ಬಹುಕಾಲದ ಮಧುಮೇಹವು ಮೂತ್ರಾಶಯದ ನರಗಳನ್ನು ಕೆಡಿಸಿ ತುಂಬಿದ ಅರಿವನ್ನೇ ಅಳಿಸಬಲ್ಲದು. ಪಾರ್ಶ್ವವಾಯು, ಪಾರ್ಕಿನ್‌ಸನ್ ರೋಗಗಳು ಮಿದುಳಿನ ಹತೋಟಿಯನ್ನು ತಪ್ಪಿಸುತ್ತವೆ. ರಾತ್ರಿಯ ಮೂತ್ರಕ್ಕೆ ಹಲವೊಮ್ಮೆ ಕಾರಣ ಕಾಲಿನಲ್ಲಿರುತ್ತದೆ: ಹಗಲೆಲ್ಲ ಪಾದಗಳಲ್ಲಿ ಇಳಿದು ನಿಂತ ನೀರು, ಮಲಗಿದೊಡನೆ ರಕ್ತಕ್ಕೆ ಹಿಂದಿರುಗಿ ಮೂತ್ರಪಿಂಡಗಳನ್ನು ಸೇರುತ್ತದೆ. ಹೃದಯ ದುರ್ಬಲವಾದವರಲ್ಲಿ ಇದು ಹೆಚ್ಚು. ಇಂಥವರಿಗೆ ಪ್ರಾಸ್ಟೇಟಿನ ಔಷಧ ಕೊಟ್ಟು ಫಲವೇನು?

ವೃದ್ಧ ಸ್ತ್ರೀಯರ ಕಷ್ಟವೂ ಕಡಿಮೆಯದಲ್ಲ. ಹೆರಿಗೆಗಳಿಂದ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸಡಿಲಗೊಂಡು, ಮುಟ್ಟು ನಿಂತ ಮೇಲೆ ಮತ್ತಷ್ಟು ಬಲಗುಂದಿ, ಕೆಮ್ಮಿದರೆ, ನಕ್ಕರೆ, ಕೊಡ ಎತ್ತಿದರೆ ಮೂತ್ರ ಜಿನುಗುತ್ತದೆ. ಗರ್ಭಕೋಶ ಕೆಳಗಿಳಿದರೆ ಅವರಲ್ಲಿಯೂ ಮೂತ್ರ ಕಟ್ಟಬಹುದು. ಈ ಸ್ನಾಯುಗಳನ್ನು ಬಿಗಿದು ಸಡಿಲಿಸುವ ಸರಳವಾದ ವ್ಯಾಯಾಮವನ್ನು ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಚಾರಕ್ಕೆ ತಂದನು. ಕೆಲವು ತಿಂಗಳು ಬಿಡದೆ ಮಾಡಿದರೆ ಅನೇಕರಿಗೆ ಗುಣ ಕಾಣುತ್ತದೆ. ಹಣ ಖರ್ಚಿಲ್ಲದ ಈ ಉಪಾಯ ನಮ್ಮ ಹೆಂಗಸರಿಗೆ ಇನ್ನೂ ಸಾಕಷ್ಟು ತಿಳಿದಿಲ್ಲವೆಂಬುದು ಖೇದದ ಸಂಗತಿ.

ವೈದ್ಯರು ಮೊದಲು ಕೇಳುವುದು ಏಳು ಪ್ರಶ್ನೆಗಳು. ಪ್ರತಿಯೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ. ಏಳರೊಳಗಿದ್ದರೆ ಬಾಧೆ ಅಲ್ಪ, ಇಪ್ಪತ್ತು ಮೀರಿದರೆ ತೀವ್ರ. ಗುದದ್ವಾರದಲ್ಲಿ ಬೆರಳಿಟ್ಟು ಗ್ರಂಥಿಯನ್ನು ಮುಟ್ಟಿ ನೋಡುವುದು ಅನಂತರದ ಕ್ರಮ. ಕ್ಯಾನ್ಸರ್ ಬಹುತೇಕ ಗ್ರಂಥಿಯ ಹೊರಭಾಗದಲ್ಲಿ ಹುಟ್ಟುವುದರಿಂದ ಗಂಟು ಬೆರಳಿಗೆ ಸಿಗಬಹುದು, ಆದರೆ ಆರಂಭದಲ್ಲಿ ಅದು ಮೂತ್ರಕ್ಕೆ ಅಡ್ಡಿ ಮಾಡದೆಯೇ ಇರಬಹುದು. ಮೂತ್ರದ ಮತ್ತು ರಕ್ತದ ಪರೀಕ್ಷೆ, ಧಾರೆಯ ವೇಗದ ಅಳತೆ, ವಿಸರ್ಜನೆಯ ಬಳಿಕ ಎಷ್ಟು ಉಳಿದಿದೆಯೆಂದು ಶ್ರವಣಾತೀತ ಧ್ವನಿಯಿಂದ ನೋಡುವುದು—ಇವಾವುವೂ ನೋವಿನವಲ್ಲ. ಧಾರೆ ಸೆಕೆಂಡಿಗೆ 15 ಮಿಲಿಲೀಟರ್ ಮೀರಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 10ಕ್ಕಿಂತ ಕೆಳಗಿದ್ದರೆ ಅಡಚಣೆಯೋ ಸ್ನಾಯುದೌರ್ಬಲ್ಯವೋ ಇದೆಯೆಂದು ಶಂಕಿಸಬೇಕು. ಮೂತ್ರದಲ್ಲಿ ರಕ್ತ ಕಂಡರಂತೂ, ಒಂದೇ ಸಲವಾದರೂ, ಮರುದಿನಕ್ಕೆ ಮುಂದೂಡಬಾರದು.

ಬಾಧೆ ಅಲ್ಪವಾಗಿದ್ದರೆ ಮನೆಯ ಕ್ರಮಗಳೇ ಸಾಕಾಗಬಹುದು. ಸಂಜೆಯ ಮೇಲೆ ಕಾಫಿ, ಚಹ, ನೀರನ್ನು ಮಿತಗೊಳಿಸುವುದು. ಕಾಲು ಬಾತವರು ಸಾಯಂಕಾಲ ಸ್ವಲ್ಪ ಹೊತ್ತು ಕಾಲನ್ನು ಎತ್ತರದಲ್ಲಿಟ್ಟು ಮಲಗುವುದು. ಮಲಬದ್ಧತೆ ಆಗದಂತೆ ನೋಡಿಕೊಳ್ಳುವುದು. ವಿಸರ್ಜನೆಯಾದ ಮೇಲೆ ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಪ್ರಯತ್ನಿಸುವುದು. ಆದರೆ ಹಗಲಿನಲ್ಲಿಯೂ ನೀರನ್ನು ಬಿಡುವ ವೃದ್ಧರಿದ್ದಾರೆ; ಬೇಸಗೆಯಲ್ಲಿ ಅದರಿಂದ ಮೂತ್ರ ದಟ್ಟವಾಗಿ ಉರಿ, ಸೋಂಕು ಹೆಚ್ಚುತ್ತವೆ. ಬಚ್ಚಲು ಹಿತ್ತಲಿನಲ್ಲಿರುವ ಮನೆಗಳಲ್ಲಿ ರಾತ್ರಿ ಕತ್ತಲೆಯಲ್ಲಿ ಎಡವಿ ಸೊಂಟದ ಮೂಳೆ ಮುರಿದುಕೊಳ್ಳುವ ಭಯ ಮೂತ್ರಬಾಧೆಗಿಂತ ದೊಡ್ಡದು. ದಾರಿಯಲ್ಲಿ ಒಂದು ಸಣ್ಣ ದೀಪ, ಹಾಸಿಗೆಯ ಬಳಿ ಒಂದು ಪಾತ್ರೆ—ಇಷ್ಟನ್ನು ಮನೆಯ ಕಿರಿಯರು ಕೇಳಿಸಿಕೊಳ್ಳದೆಯೇ ಒದಗಿಸಬೇಕು.

ಬಹಳ ತಡವಾಗಿ ಬಂದವರ ವಿಷಯ ಒಂದು ಉಳಿಯಿತು. ಗ್ರಂಥಿಯನ್ನು ತೆಗೆದು ದಾರಿ ತೆರೆದರೂ ವರ್ಷಗಟ್ಟಲೆ ಹಿಗ್ಗಿ ಸೋತ ಮೂತ್ರಾಶಯ ಕೆಲವರಲ್ಲಿ ಮತ್ತೆ ಸಂಕುಚಿಸುವುದಿಲ್ಲ. ಇಂಥವರಿಗೆ ಬದುಕಿಡೀ ನಳಿಕೆ ಹಾಕಿಡುವುದೊಂದೇ ಗತಿಯೆಂದು ಹಿಂದೆ ತಿಳಿದಿದ್ದರು. 1972ರಲ್ಲಿ ಮಿಷಿಗನ್ನಿನ ಜ್ಯಾಕ್ ಲಾಪಿಡೆಸ್, ರೋಗಿಯೇ ಕೈಗಳನ್ನು ಸಾಬೂನಿನಿಂದ ತೊಳೆದು, ಶುಚಿಯಾದ ನಳಿಕೆಯನ್ನು ತಾನೇ ತೂರಿಸಿ ಮೂತ್ರ ತೆಗೆದು, ನಳಿಕೆಯನ್ನು ಹೊರತೆಗೆಯಬಹುದೆಂದು ತೋರಿಸಿಕೊಟ್ಟನು. ಶಸ್ತ್ರಕ್ರಿಯೆಯ ಕೋಣೆಯ ನಿರ್ಜಂತುಕ ಕಟ್ಟುನಿಟ್ಟು ಇದಕ್ಕೆ ಅಗತ್ಯವಿಲ್ಲ. ಕೋಶವನ್ನು ಹಿಗ್ಗಲು ಬಿಡದೆ ವೇಳೆವೇಳೆಗೆ ಬರಿದುಮಾಡುವುದೇ ಸೋಂಕಿಗೆ ಮುಖ್ಯ ತಡೆ ಎಂಬುದು ಅವನ ವಾದವಾಗಿತ್ತು. ಮೊದಮೊದಲು ವೈದ್ಯರೇ ಇದನ್ನು ನಂಬಲಿಲ್ಲ. ಇಂದು ಎಪ್ಪತ್ತು ದಾಟಿದವರೂ ಇದನ್ನು ಕಲಿತು, ದಿನಕ್ಕೆ ನಾಲ್ಕೈದು ಬಾರಿ ತಾವೇ ಮಾಡಿಕೊಂಡು, ಚೀಲ ತೂಗುಹಾಕಿಕೊಳ್ಳದೆ ಮದುವೆ ಮುಂಜಿಗಳಿಗೆ ಹೋಗಿಬರುತ್ತಾರೆ.